ಕಾದಂಬರಿಯ ಪರಿಷ್ಕಾರ: ‘ಯುದ್ಧ ಮತ್ತು ಶಾಂತಿ’ಯ ಪಾಠಗಳನ್ನು ಕುರಿತು

೧

ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರಿಗೆ ಪಾಠಾಂತರವೆಂಬುದು ನಿತ್ಯದ ಸಮಸ್ಯೆ. ಓಲೆಯಿಂದ ಓಲೆಗೆ ಪ್ರತಿಮಾಡುವಾಗ ಲಿಪಿಕಾರನ ಅನವಧಾನದಿಂದಲೋ ಅತಿಬುದ್ಧಿಯಿಂದಲೋ ಮೂಲಪಾಠವು ಕೆಡುತ್ತದೆ. ಸಂಪಾದಕನು ಪ್ರತಿಗಳನ್ನು ಹೋಲಿಸಿ ಕವಿಯ ಮಾತನ್ನು ಸಾಧ್ಯವಾದಮಟ್ಟಿಗೆ ಪುನಃ ಸ್ಥಾಪಿಸುತ್ತಾನೆ. ಈ ಕಾರ್ಯದಲ್ಲಿ ಎಷ್ಟೇ ತೊಡಕುಗಳಿದ್ದರೂ ಗುರಿಯ ವಿಷಯದಲ್ಲಿ ಸಂದೇಹವಿಲ್ಲ. ಕವಿ ಬರೆದದ್ದೇ ಶುದ್ಧಪಾಠ. ಅಚ್ಚಿನ ಕಾಲದ ಕಾದಂಬರಿಗೆ ಬಂದಾಗ ಸಮಸ್ಯೆಯ ಸ್ವರೂಪ ಬೇರೆಯಾಗುತ್ತದೆ. ಇಲ್ಲಿ ಪಾಠವನ್ನು ಬದಲಿಸುವವನು ಅನೇಕವೇಳೆ ಕರ್ತೃವೇ. ಒಮ್ಮೆ ಪ್ರಕಟವಾದ ಕೃತಿಯನ್ನು ಅವನೇ ತಿದ್ದಿ, ಕಡಿದು, ಬೆಳೆಸಿ ಮತ್ತೆ ಮುದ್ರಿಸಿದಾಗ ಯಾವುದನ್ನು ಅವನ ಕೃತಿಯೆಂದು ಗಣಿಸಬೇಕು? ಕಡೆಯ ತಿದ್ದುಪಡಿಯೇ ಉತ್ತಮವೆಂದು ಒಪ್ಪಿಕೊಂಡು ಸುಮ್ಮನಿರಬಹುದೇ?

ಈ ಪ್ರಶ್ನೆಗೆ ಉದಾಹರಣೆಗಳನ್ನು ದೂರ ಹುಡುಕಬೇಕಾಗಿಲ್ಲ. ಚಾರ್ಲ್ಸ್ ಡಿಕನ್ಸ್ ೧೮೬೧ರಲ್ಲಿ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಗೆ ಮೊದಲು ಬರೆದಿದ್ದ ಅಂತ್ಯವನ್ನು ಮಿತ್ರನಾದ ಬುಲ್ವರ್ ಲಿಟ್ಟನ್ನನ ಸಲಹೆಯಂತೆ ಬದಲಿಸಿದನು. ನಾಯಕ ನಾಯಿಕೆಯರು ಅಗಲಿಹೋಗುವ ಮೊದಲಿನ ಅಂತ್ಯವೇ ಮೇಲೆಂದು ವಾದಿಸುವ ವಿಮರ್ಶಕರು ಇಂದಿಗೂ ಇದ್ದಾರೆ. ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಕನ್ನಡಿಗರಿಗೆ ಚಿರಪರಿಚಿತರಾದ ಬಂಕಿಮಚಂದ್ರರು, ೧೮೮೨ರಲ್ಲಿ ಸಣ್ಣ ಪುಸ್ತಕವಾಗಿ ಹೊರಬಂದಿದ್ದ ‘ರಾಜಸಿಂಹ’ವನ್ನು ೧೮೯೩ರಲ್ಲಿ ಹಲವು ಮಡಿ ಹಿಗ್ಗಿಸಿ ಬೇರೊಂದು ಕೃತಿಯೇ ಎನ್ನುವಂತೆ ಮಾಡಿದರು. ಆದರೆ ಪರಿಷ್ಕಾರದ ಎಲ್ಲ ಮುಖಗಳೂ ಒಂದೇ ಕಡೆ ಕಾಣಸಿಗುವುದು ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯಲ್ಲಿ. ಇತಿಹಾಸದ ಅಧ್ಯಾಪಕರಾದ ನಮಗೆ ಈ ಕೃತಿ ವಿಶೇಷವಾಗಿ ಸಂಬಂಧಪಟ್ಟದ್ದು. ಏಕೆಂದರೆ ಇದರಿಂದ ಕಡಿದು ತೆಗೆಯಲಾದ ಭಾಗ ಮುಖ್ಯವಾಗಿ ಇತಿಹಾಸವನ್ನು ಕುರಿತದ್ದು. ಈ ಕೃತಿಯ ಪಾಠಗಳ ಚರಿತ್ರೆಯನ್ನು ಪರಿಶೀಲಿಸಿ, ಕಾದಂಬರಿಯನ್ನು ಮೇಲ್ಪಡಿಸುವ ತಿದ್ದುಪಡಿಗೂ ಅದನ್ನು ಕುಗ್ಗಿಸುವ ತಿದ್ದುಪಡಿಗೂ ಇರುವ ಅಂತರವನ್ನು ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಕೃತಿ ಬೆಳೆದ ಬಗೆಯನ್ನು ನೋಡೋಣ. ಟಾಲ್‌ಸ್ಟಾಯ್ ಬರೆಯಹೊರಟದ್ದು ನೆಪೋಲಿಯನ್ನನ ಕಾಲದ ಕಥೆಯನ್ನಲ್ಲ. ೧೮೨೫ರ ಡಿಸೆಂಬರ್ ದಂಗೆಯಲ್ಲಿ ಭಾಗವಹಿಸಿ ಸೈಬೀರಿಯಕ್ಕೆ ಗಡೀಪಾರಾಗಿದ್ದವನೊಬ್ಬನು ೧೮೫೬ರಲ್ಲಿ ಸಂಸಾರಸಮೇತನಾಗಿ ಹಿಂದಿರುಗುವುದು ಅವನು ಮೊದಲು ಎತ್ತಿಕೊಂಡ ವಸ್ತು. ಆ ಮನುಷ್ಯನನ್ನು ಅರಿಯಲು ಅವನ ಯೌವನಕ್ಕೆ, ಎಂದರೆ ೧೮೨೫ಕ್ಕೆ ಹೋಗಬೇಕಾಯಿತು. ಆ ಯೌವನ ರೂಪುಗೊಂಡದ್ದು ೧೮೧೨ರ ಯುದ್ಧಕಾಲದಲ್ಲಿ. ೧೮೧೨ರ ವಿಜಯವನ್ನು ಮಾತ್ರ ಹೇಳಿ, ಅದಕ್ಕೆ ಹಿಂದಿನ ಸೋಲುಗಳನ್ನು ಮರೆಮಾಚುವುದು ಅವನಿಗೆ ಸಂಕೋಚವೆನಿಸಿತು. ಆದ್ದರಿಂದ ಕಥೆ ೧೮೦೫ಕ್ಕೆ ಸರಿಯಿತು. ಕಾರಣದಿಂದ ಕಾರಣಕ್ಕೆ ಹಿಂದೆಹಿಂದೆ ಸಾಗುವ ಈ ನಡಿಗೆ ಇತಿಹಾಸಕಾರನ ನಡಿಗೆಯೇ. ಡಿಸೆಂಬರ್ ದಂಗೆಯವನ ಕಥೆ ಕೊನೆಗೂ ಪೂರ್ತಿಯಾಗಲಿಲ್ಲ; ಅದರ ಪೀಠಿಕೆಯೇ ಮಹಾಕೃತಿಯಾಯಿತು.

೧೮೬೩ರಲ್ಲಿ ಆರಂಭವಾದ ಈ ಬರವಣಿಗೆಯ ಹಸ್ತಪ್ರತಿಗಳು ಐದು ಸಾವಿರ ಹಾಳೆಗಳಿಗೂ ಮಿಕ್ಕು ಉಳಿದುಬಂದಿವೆ. ಅವುಗಳನ್ನು ಜೀವಮಾನವೆಲ್ಲ ಪರಿಶೋಧಿಸಿದ ವಿದುಷಿ ಜೈದೆನ್ಶ್ನೂರ್ ಕೃತಿಯ ಆರಂಭವೊಂದಕ್ಕೇ ಹದಿನೈದು ಕರಡುಗಳಿರುವುದನ್ನು ಗುರುತಿಸಿದಳು. ೧೮೬೫ ಮತ್ತು ೧೮೬೬ರಲ್ಲಿ ಮೊದಲ ಭಾಗಗಳು ‘೧೮೦೫’ ಎಂಬ ಹೆಸರಿನಿಂದ ಮಾಸಪತ್ರಿಕೆಯೊಂದರಲ್ಲಿ ಬಂದುವು. ಅದೇ ಸಮಯದಲ್ಲಿ ಟಾಲ್‌ಸ್ಟಾಯ್ ಇಡೀ ಕಥೆಗೆ ಒಂದು ಮುಕ್ತಾಯವನ್ನೂ ಕಲ್ಪಿಸಿದ್ದನು. ಷೇಕ್ಸ್‌ಪಿಯರನ ನಾಟಕವೊಂದರ ಹೆಸರನ್ನು ಎರವಲು ತಂದು, ಕೊನೆ ಚೆನ್ನಾದರೆ ಎಲ್ಲವೂ ಚೆನ್ನು ಎಂಬರ್ಥದ ಶೀರ್ಷಿಕೆಯನ್ನು ಅದಕ್ಕೆ ಕೊಡಲು ಯೋಚಿಸಿದ್ದನು. ಆ ಕರಡಿನಲ್ಲಿ ರಾಜಕುಮಾರ ಆಂದ್ರೇಯ್ ಸಾಯುವುದಿಲ್ಲ; ಗಾಯದಿಂದ ಚೇತರಿಸಿಕೊಂಡು ನತಾಷಳನ್ನು ಪಿಯೆರ್‌ಗೆ ಬಿಟ್ಟುಕೊಡುತ್ತಾನೆ. ಬಾಲಕ ಪೆತ್ಯಾ ಸಹ ಬದುಕಿ ಉಳಿಯುತ್ತಾನೆ. ಮದುವೆಗಳೊಡನೆ ಕಥೆ ಮುಗಿಯುತ್ತದೆ.

ಈ ಅಂತ್ಯವನ್ನು ಟಾಲ್‌ಸ್ಟಾಯ್ ಕೈಬಿಟ್ಟದ್ದು ಯಾವ ವಿಮರ್ಶಕನ ಮಾತಿಗಾಗಿಯೂ ಅಲ್ಲ. ಪ್ರಕಟವಾಗದ ಅಂತ್ಯವನ್ನು ಕುರಿತು ಯಾರೂ ಟೀಕಿಸಿರಲಿಲ್ಲ. ೧೮೧೨ರ ಯುದ್ಧವನ್ನು ಒಳಹೊಕ್ಕು ಬರೆಯುತ್ತ ಹೋದಂತೆ, ಸಾವಿರಾರು ಮನೆಗಳಲ್ಲಿ ಮಕ್ಕಳನ್ನು ಕಳೆದುಕೊಂಡ ದೇಶದ ಕಥೆಯಲ್ಲಿ ಕಥಾನಾಯಕರೆಲ್ಲರೂ ಕ್ಷೇಮವಾಗಿ ಮನೆ ಸೇರುವುದು ಅನುಚಿತವಾಗಿ ಕಂಡಿರಬೇಕು. ೧೮೬೭ರ ಸೆಪ್ಟೆಂಬರಿನಲ್ಲಿ ಅವನು ಹೆಂಡತಿಯ ಚಿಕ್ಕ ತಮ್ಮನನ್ನು ಜೊತೆಗೆ ಕರೆದುಕೊಂಡು ಬೊರೊಡಿನೊ ರಣಭೂಮಿಗೆ ಹೋಗಿ ಎರಡು ದಿನ ಸುತ್ತಾಡಿ ಭೂಮಿಯ ಏರಿಳಿತಗಳನ್ನೂ ದಿಕ್ಕುಗಳನ್ನೂ ಗುರುತುಹಾಕಿಕೊಂಡು ಬಂದನು. ಕಾದಂಬರಿಯೊಳಗೆ ಆ ರಣಭೂಮಿಯ ನಕ್ಷೆಯೊಂದು ಅಚ್ಚಾಗಿರುವುದನ್ನು ಓದುಗರು ಬಲ್ಲರು. ಆಂದ್ರೇಯ್‌ಗೆ ಸಾವಿನ ಗಾಯವಾಗುವುದು ಆ ನೆಲದ ಮೇಲೆಯೇ. ೧೮೬೮–೬೯ರಲ್ಲಿ ಆರು ಸಂಪುಟಗಳಾಗಿ ಹೊರಬಂದ ಕೃತಿಯಲ್ಲಿ ಪೆತ್ಯಾನೂ ದಾಳಿಯೊಂದರಲ್ಲಿ ಗುಂಡೇಟಿಗೆ ಬೀಳುತ್ತಾನೆ. ಇದನ್ನು ಮೊದಲ ಬಗೆಯ ಪರಿಷ್ಕಾರವೆನ್ನಬಹುದು. ಇಲ್ಲಿ ತಿದ್ದುಪಡಿಗೆ ಪ್ರೇರಣೆ ಕೃತಿಯ ವಸ್ತುವಿನಿಂದಲೇ ಬಂದಿದೆ. ಕರ್ತೃ ತನ್ನ ಮೊದಲ ಆಸೆಯನ್ನು ತ್ಯಾಗಮಾಡಿ ವಸ್ತುವಿನ ಸತ್ಯಕ್ಕೆ ತಲೆಬಾಗಿದ್ದಾನೆ.

೩

ಎರಡನೆಯ ಬಗೆಯ ಪರಿಷ್ಕಾರ ನಡೆದದ್ದು ೧೮೭೩ರಲ್ಲಿ, ಎಂಟು ಸಂಪುಟಗಳ ಕೃತಿಸಂಗ್ರಹಕ್ಕಾಗಿ ಕಾದಂಬರಿಯನ್ನು ಮೂರನೆಯ ಬಾರಿ ಮುದ್ರಿಸುವಾಗ. ಆಗ ಟಾಲ್‌ಸ್ಟಾಯ್ ಮೂರು ಮುಖ್ಯ ಬದಲಾವಣೆಗಳನ್ನು ಮಾಡಿದನು. ಆರು ಸಂಪುಟಗಳನ್ನು ನಾಲ್ಕಾಗಿ ವಿಂಗಡಿಸಿದನು. ಪಾತ್ರಗಳ ಬಾಯಲ್ಲಿದ್ದ ಫ್ರೆಂಚ್ ಮಾತುಗಳನ್ನು ರಷ್ಯನ್ ಭಾಷೆಗೆ ತಿರುಗಿಸಿದನು. ಯುದ್ಧವನ್ನೂ ಇತಿಹಾಸದ ಗತಿಯನ್ನೂ ಕುರಿತ ವಿಚಾರಭಾಗಗಳಲ್ಲಿ ಕೆಲವನ್ನು ತೆಗೆದುಹಾಕಿ, ಉಳಿದವನ್ನು ಕಥೆಯಿಂದ ಬೇರ್ಪಡಿಸಿ ೧೮೧೨ರ ದಂಡಯಾತ್ರೆಯನ್ನು ಕುರಿತ ಲೇಖನಗಳೆಂಬ ಹೆಸರಿನಲ್ಲಿ ಕೊನೆಗೆ ಅನುಬಂಧವಾಗಿ ಸೇರಿಸಿದನು. ವಿಮರ್ಶಕನೂ ಮಿತ್ರನೂ ಆದ ಸ್ತ್ರಾಖೊವ್ ಈ ಕಾರ್ಯದಲ್ಲಿ ನೆರವಾದನು. ಫ್ರೆಂಚನ್ನು ಅಳಿಸುವಾಗ ಕೆಲವೆಡೆ ಮನಸ್ಸಿಗೆ ನೋವಾಯಿತಾದರೂ ಒಟ್ಟಿನಲ್ಲಿ ಅದಿಲ್ಲದಿರುವುದೇ ಮೇಲೆಂದು ತೋರಿತೆಂದೂ, ವಿಚಾರಭಾಗಗಳನ್ನು ಹೊರಗಿಟ್ಟದ್ದರಿಂದ ಕಾದಂಬರಿ ಹಗುರವಾಯಿತೆಂದೂ ಟಾಲ್‌ಸ್ಟಾಯ್ ಅವನಿಗೆ ಬರೆದನು.

ಇದಕ್ಕೆ ಕಾರಣಗಳೇನು? ಮೊದಲನೆಯದು ಟೀಕೆ. ಕೃತಿ ಹೊರಬಂದೊಡನೆಯೇ ಅದರ ಇತಿಹಾಸಭಾಗದ ಮೇಲೆ ನಾನಾ ಕಡೆಗಳಿಂದ ಆಕ್ಷೇಪಣೆಗಳು ಎದ್ದುವು. ತುರ್ಗೇನೆವ್ ಪಾತ್ರಗಳನ್ನೂ ಸನ್ನಿವೇಶಗಳನ್ನೂ ಮೆಚ್ಚಿ ಇತಿಹಾಸಚಿಂತನೆಯನ್ನು ಹಳಿದನು. ಬೊರೊಡಿನೊ ಕದನದಲ್ಲಿ ಕಾಲು ಕಳೆದುಕೊಂಡಿದ್ದ ವೃದ್ಧ ನೊರೊವ್, ತಾನು ಕಂಡ ಯುದ್ಧ ಇದಲ್ಲವೆಂದು ಪ್ರತಿಭಟಿಸಿದನು. ಸೇನಾಶಾಸ್ತ್ರಜ್ಞನಾದ ದ್ರಗೊಮೀರೊವ್ ಕದನವರ್ಣನೆಗಳನ್ನು ಸೈನಿಕರಿಗೆ ಪಾಠವಾಗಬಲ್ಲವೆಂದು ಹೊಗಳಿ, ಸಿದ್ಧಾಂತವನ್ನು ಖಂಡಿಸಿದನು. ಎರಡನೆಯ ಕಾರಣ ಕರ್ತೃವಿನ ಮನಸ್ಸಿನಲ್ಲಿ ಆದ ಪರಿವರ್ತನೆ. ೧೮೭೨ರಲ್ಲಿ ಅವನು ರೈತರ ಮಕ್ಕಳಿಗಾಗಿ ಅಕ್ಷರಮಾಲೆಯ ಪುಸ್ತಕವನ್ನು ಪ್ರಕಟಿಸಿದ್ದನು. ಸರಳವಾದ, ತೆಳ್ಳಗಾದ, ಮಾತು ಮಿಗದ ಗದ್ಯ ಅವನ ಆದರ್ಶವಾಗಿತ್ತು. ಆ ದೊಡ್ಡ ಕಾದಂಬರಿಯಂಥ ಮಾತುಗಾರಿಕೆಯನ್ನು ಇನ್ನೆಂದೂ ಬರೆಯಲಾರೆನೆಂದು ೧೮೭೧ರಲ್ಲಿಯೇ ಕವಿ ಫೆತ್‌ಗೆ ತಿಳಿಸಿದ್ದನು. ೧೮೭೩ರ ಮಾರ್ಚಿಯಲ್ಲಿ ‘ಅನ್ನಾ ಕರೆನಿನಾ’ ಆರಂಭವಾಯಿತು. ಆದುದರಿಂದ ಹಳೆಯ ಕೃತಿಯನ್ನು ತಿದ್ದಲು ಕುಳಿತವನು ಅದನ್ನು ಬರೆದವನೇ ಆದರೂ, ಅವನ ಅಭಿರುಚಿ ಬೇರೆಯಾಗಿತ್ತು.

ಇಲ್ಲಿ ಇತಿಹಾಸಶಾಸ್ತ್ರದ ಒಂದು ಸಾಮಾನ್ಯ ನಿಯಮ ಸಾಹಿತ್ಯವಿಮರ್ಶೆಗೂ ಉಪಯುಕ್ತವಾಗುತ್ತದೆ. ಹಿಂದಿನ ಘಟನೆಯನ್ನು ಕುರಿತು ತಡವಾಗಿ ಬರೆದ ದಾಖಲೆ, ಆ ಘಟನೆಗಿಂತ ಹೆಚ್ಚಾಗಿ, ಬರೆದ ಕಾಲಕ್ಕೆ ಸಾಕ್ಷಿಯಾಗಿರುತ್ತದೆ. ಪರಿಷ್ಕೃತ ಪಾಠವೂ ಹಾಗೆಯೇ. ೧೮೭೩ರ ಪಾಠವು ೧೮೬೯ರ ಕೃತಿಯ ಪರಿಪೂರ್ಣ ರೂಪವೆಂದು ಭಾವಿಸುವುದಕ್ಕಿಂತ, ೧೮೭೩ರ ಟಾಲ್‌ಸ್ಟಾಯ್ ತನ್ನ ಹಿಂದಿನ ಕೃತಿಯನ್ನು ಕುರಿತು ಮಾಡಿದ ವಿಮರ್ಶೆಯೆಂದು ಭಾವಿಸುವುದು ಯುಕ್ತ. ಆ ವಿಮರ್ಶೆ ಸರಿಯೇ ತಪ್ಪೇ ಎಂಬುದನ್ನು ಕೃತಿಯನ್ನೇ ನೋಡಿ ತೀರ್ಮಾನಿಸಬೇಕು.

೪

ಮೊದಲು ಫ್ರೆಂಚಿನ ಪ್ರಶ್ನೆ. ‘ಯುದ್ಧ ಮತ್ತು ಶಾಂತಿ’ ೧೮೦೫ರ ಜುಲೈ ತಿಂಗಳ ಒಂದು ಸಂಜೆ, ಪೀಟರ್ಸ್‌ಬರ್ಗಿನ ದೊಡ್ಡ ಮನೆಯೊಂದರ ಕೂಟದಲ್ಲಿ ಪ್ರಾರಂಭವಾಗುತ್ತದೆ. ಅಲ್ಲಿ ನೆರೆದವರು ನೆಪೋಲಿಯನ್ನನನ್ನು ಬೈಯುತ್ತಾರೆ. ಬೈಯುವುದು ನೆಪೋಲಿಯನ್ನನ ಪ್ರಜೆಗಳ ಭಾಷೆಯಲ್ಲಿ. ಶತ್ರುವಿನ ನುಡಿಯೇ ತಮ್ಮ ಸಂಸ್ಕಾರದ ಗುರುತೆಂದು ನಂಬಿದ್ದ ವರ್ಗವೊಂದರ ಸ್ಥಿತಿಯನ್ನು ಒಂದು ವಿವರಣೆಯೂ ಇಲ್ಲದೆ ಈ ಆರಂಭ ತೋರಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಮಾತನಾಡುತ್ತಲೇ ಇಂಗ್ಲಿಷರನ್ನು ಟೀಕಿಸಿದ ಒಂದು ವಿದ್ಯಾವಂತ ವರ್ಗವನ್ನು ಕಂಡ ನಮ್ಮ ದೇಶದ ಓದುಗನಿಗೆ ಇದರ ವ್ಯಂಗ್ಯ ಒಡನೆಯೇ ಹೊಳೆಯುತ್ತದೆ.

ಇನ್ನೂ ಸೂಕ್ಷ್ಮವಾದ ಪ್ರಯೋಗಗಳಿವೆ. ಪಿಯೆರ್ ಹೆಲೆನಳಿಗೆ ಪ್ರೇಮವನ್ನು ನಿವೇದಿಸುವುದು ಫ್ರೆಂಚಿನಲ್ಲಿ. ಇಂಥ ಸಮಯದಲ್ಲಿ ಏನೋ ಹೇಳಬೇಕಲ್ಲವೇ ಎಂದು ನೆನಪುಮಾಡಿಕೊಂಡು, ಕಲಿತ ಪಾಠವನ್ನು ಒಪ್ಪಿಸುವಂತೆ ಅವನು ಆ ಎರಡು ಮೂರು ಶಬ್ದಗಳನ್ನು ನುಡಿಯುತ್ತಾನೆ, ನುಡಿದೊಡನೆಯೇ ನಾಚುತ್ತಾನೆ. ದಾಂಪತ್ಯ ಕೆಟ್ಟಮೇಲೆ ಅವನನ್ನು ಮತ್ತೆಮತ್ತೆ ಚುಚ್ಚುವುದು ಅದೇ ಫ್ರೆಂಚ್ ವಾಕ್ಯ. ಅದನ್ನು ರಷ್ಯನ್ನಿನಲ್ಲಿ ಹೇಳಿಸಿದರೆ ಮಾತಿನ ಅರ್ಥ ಉಳಿಯುತ್ತದೆ, ಅದರ ಸುಳ್ಳು ಕಾಣುವುದಿಲ್ಲ. ಮುಂದೆ ೧೮೧೨ರಲ್ಲಿ ಫ್ರೆಂಚ್ ಸೈನ್ಯ ಮಾಸ್ಕೋ ಕಡೆಗೆ ಬರುತ್ತಿರುವಾಗ, ಜೂಲಿಯ ಮನೆಯ ಕೂಟದಲ್ಲಿ ಫ್ರೆಂಚ್ ಮಾತನಾಡಿದವರಿಗೆ ದಂಡ ವಿಧಿಸುವ ಆಟ ಆರಂಭವಾಗುತ್ತದೆ. ದೇಶಾಭಿಮಾನ ಆ ಜನಕ್ಕೆ ಹೊಸದೊಂದು ವಿನೋದವಾಯಿತೆಂಬ ಅಂಶ ಇಲ್ಲಿ ನಗುವನ್ನೂ ನೋವನ್ನೂ ಒಟ್ಟಿಗೆ ತರುತ್ತದೆ. ಆದರೆ ಹಿಂದಿನ ಪುಟಗಳಲ್ಲೆಲ್ಲ ಇವರು ರಷ್ಯನ್ನನ್ನೇ ಆಡುತ್ತಿದ್ದಂತೆ ಅಚ್ಚಾಗಿದ್ದರೆ ಈ ದಂಡಕ್ಕೆ ಬೆಲೆ ಎಲ್ಲಿಯದು?

ಟಾಲ್‌ಸ್ಟಾಯ್ ಇದನ್ನು ಅರಿಯದವನಲ್ಲ. ೧೮೬೮ರಲ್ಲಿ ತನ್ನ ಕೃತಿಯನ್ನು ಸಮರ್ಥಿಸಿ ಬರೆದ ಲೇಖನದಲ್ಲಿ ಅವನು ಫ್ರೆಂಚನ್ನು ಚಿತ್ರಕಾರನು ಮುಖದ ಮೇಲೆ ಬಿಡಿಸುವ ನೆರಳಿಗೆ ಹೋಲಿಸಿದ್ದನು. ನೆರಳನ್ನು ನೆರಳೆಂದು ತಿಳಿಯದವನಿಗೆ ಅದು ಮುಖದ ಮೇಲಣ ಕಪ್ಪು ಕಲೆಯಾಗಿ ಕಾಣುತ್ತದೆಂಬುದು ಅವನ ಅಭಿಪ್ರಾಯ. ಅಗತ್ಯಕ್ಕಿಂತ ಹೆಚ್ಚಾಗಿ ಆ ರೀತಿಗೆ ಮನಸೋತಿರಬಹುದೆಂದೂ ಅಲ್ಲಿ ಒಪ್ಪಿಕೊಂಡಿದ್ದನು. ಹಾಗಿದ್ದಲ್ಲಿ ಹೆಚ್ಚಾದಷ್ಟನ್ನು ತೆಗೆಯುವುದು ತಿದ್ದುಪಡಿ. ಐದು ವರ್ಷಗಳ ತರುವಾಯ ನಡೆದದ್ದು ನೆರಳನ್ನೆಲ್ಲ ಅಳಿಸಿ ಮುಖವನ್ನು ಚಪ್ಪಟೆ ಮಾಡಿದ ಕಾರ್ಯ.

೫

ವಿಚಾರಭಾಗಗಳ ಪ್ರಶ್ನೆ ಇದಕ್ಕಿಂತ ಕಠಿನವಾದದ್ದು. ಇಲ್ಲಿ ಎದುರುಪಕ್ಷದ ವಾದ ದುರ್ಬಲವಲ್ಲ. ಕಲಾವಿದನಾದವನು ತೋರಿಸಬೇಕು, ಬೋಧಿಸಬಾರದು. ಕಥೆ ಈಗಾಗಲೇ ತೋರಿಸಿರುವುದನ್ನು ಪ್ರಬಂಧ ಮತ್ತೆ ಹೇಳುತ್ತದೆ. ಆದ್ದರಿಂದ ಅದು ಪುನರುಕ್ತಿ. ಮುಂದೆ ೧೮೮೦ರಲ್ಲಿ ಫ್ರೆಂಚ್ ಅನುವಾದವನ್ನು ಓದಿದ ಫ್ಲೊಬೇರ್ ಸಹ, ಮೊದಲ ಎರಡು ಸಂಪುಟಗಳನ್ನು ಮನಸಾರೆ ಹೊಗಳಿ, ಮೂರನೆಯದರಲ್ಲಿ ಕರ್ತೃ ಹೇಳಿದ್ದನ್ನೇ ಹೇಳುತ್ತ ತತ್ತ್ವಬೋಧೆಗೆ ಇಳಿದನೆಂದು ತುರ್ಗೇನೆವ್‌ಗೆ ಬರೆದನು.

ಈ ವಾದಕ್ಕೆ ಅತ್ಯಂತ ಪುಷ್ಟಿ ಕೊಡಬಲ್ಲ ಪ್ರಕರಣವನ್ನೇ ಪರೀಕ್ಷಿಸೋಣ. ೧೮೦೫ರ ಷೋನ್‌ಗ್ರಾಬರ್ನ್ ಕದನದಲ್ಲಿ ಸೇನಾನಿ ಬಾಗ್ರಾತಿಯೊನ್ ಯಾವ ಅಪ್ಪಣೆಯನ್ನೂ ಕೊಡುತ್ತಿಲ್ಲವೆಂಬುದನ್ನು ಆಂದ್ರೇಯ್ ಆಶ್ಚರ್ಯದಿಂದ ಗಮನಿಸುತ್ತಾನೆ. ಆದದ್ದೆಲ್ಲವೂ ತನ್ನ ಉದ್ದೇಶದಂತೆಯೇ ಆಯಿತೆಂಬ ಮುಖಭಾವ ಮಾತ್ರ ಆ ಸೇನಾನಿಯದು. ದಿನವನ್ನು ಉಳಿಸಿದ್ದು ಎಲ್ಲರೂ ಮರೆತುಬಿಟ್ಟಿದ್ದ ತೂಷಿನ್ ಎಂಬ ಸಣ್ಣ ಅಧಿಕಾರಿಯ ಫಿರಂಗಿಗಳು. ಸಂಜೆ ಅದೇ ತೂಷಿನ್ ಮೇಲಧಿಕಾರಿಗಳ ಮುಂದೆ ಅಪರಾಧಿಯಂತೆ ನಿಲ್ಲುತ್ತಾನೆ. ಯುದ್ಧವನ್ನು ನಡೆಸುವವರು ಯಾರು ಎಂಬ ಪ್ರಶ್ನೆಯೂ ಅದಕ್ಕೆ ಉತ್ತರವೂ ಈ ಸನ್ನಿವೇಶದಲ್ಲಿ ಇವೆ. ಇದು ೧೮೬೬ರಷ್ಟು ಹಿಂದೆಯೇ ಅಚ್ಚಾದ ಭಾಗ. ಹಾಗಾದರೆ ಎರಡು ವರ್ಷ ಕಳೆದು, ಮಹಾಪುರುಷರ ಇಚ್ಛೆಯಿಂದ ಇತಿಹಾಸ ನಡೆಯುವುದಿಲ್ಲ, ಅಸಂಖ್ಯ ಜನರ ಸಣ್ಣಸಣ್ಣ ಇಚ್ಛೆಗಳ ಮೊತ್ತದಿಂದ ನಡೆಯುತ್ತದೆ ಎಂದು ಪುಟಗಟ್ಟಲೆ ವಾದಿಸುವ ಅಗತ್ಯವೇನಿತ್ತು?

ಅಗತ್ಯವಿತ್ತೆಂದೇ ನಾವು ಭಾವಿಸುತ್ತೇವೆ. ಷೋನ್‌ಗ್ರಾಬರ್ನ್ ಒಂದು ಸಣ್ಣ ಕದನ. ಅಲ್ಲಿ ಹಾಗಾಯಿತೆಂದರೆ ಓದುಗನು ಅದನ್ನು ವಿಶೇಷ ಪ್ರಸಂಗವೆಂದು ಒಪ್ಪಿ, ೧೮೧೨ರ ಮಹಾಯುದ್ಧವನ್ನು ಮಾತ್ರ ಎಂದಿನಂತೆ ನೆಪೋಲಿಯನ್ನನ ಪ್ರತಿಭೆಗೂ ಅವನ ನೆಗಡಿಗೂ ಒಪ್ಪಿಸಿಬಿಡಬಹುದು. ಟಾಲ್‌ಸ್ಟಾಯ್ ಬೊರೊಡಿನೊ ವರ್ಣನೆಯ ನಡುವೆ ಕಥೆಯನ್ನು ನಿಲ್ಲಿಸಿ, ಇತಿಹಾಸಕಾರರು ಹೇಳುವಂತೆ ರಷ್ಯನ್ನರು ಆ ಸ್ಥಳವನ್ನು ಮೊದಲೇ ಆರಿಸಿ ಭದ್ರಪಡಿಸಿರಲಿಲ್ಲವೆಂದೂ, ಶೆವಾರ್ದಿನೊ ದಿಬ್ಬವು ಮುಂಚೂಣಿಯ ಠಾಣೆಯಾಗಿರದೆ ಮೂಲವ್ಯೂಹದ ಎಡತುದಿಯೇ ಆಗಿದ್ದಿತೆಂದೂ, ಅದು ಕೈತಪ್ಪಿದ್ದರಿಂದ ಬಯಲಿನಲ್ಲಿ ಕಾದಾಡಬೇಕಾಯಿತೆಂದೂ ನಕ್ಷೆ ಸಮೇತ ವಾದಿಸುತ್ತಾನೆ. ಇದು ಸಾಕ್ಷ್ಯವನ್ನು ಮುಂದಿಟ್ಟು ನಡೆಸಿದ ಚಾರಿತ್ರಿಕ ವಾದ, ಒಪ್ಪಬಹುದು, ಖಂಡಿಸಲೂಬಹುದು. ಓದುಗನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಪಿಯೆರ್‌ನೊಡನೆ ಆ ರಣಭೂಮಿಯನ್ನು ಪ್ರವೇಶಿಸಿದಾಗ, ಪಿಯೆರ್‌ಗೆ ಅಲ್ಲಿ ವ್ಯೂಹವೂ ಕಾಣುವುದಿಲ್ಲ ಯೋಜನೆಯೂ ಕಾಣುವುದಿಲ್ಲ, ಹೊಲಗಳೂ ಹೊಗೆಯೂ ಸೈನಿಕರ ಮುಖಗಳೂ ಕಾಣುತ್ತವೆ ಎಂಬುದಕ್ಕೆ ಪೂರ್ಣವಾದ ಅರ್ಥ ಬರುತ್ತದೆ. ಪ್ರಬಂಧ ಸಾಮಾನ್ಯನಿಯಮವನ್ನು ಹೇಳುತ್ತದೆ; ಸನ್ನಿವೇಶ ಅದನ್ನು ಒಬ್ಬನ ಅನುಭವದಲ್ಲಿ ಪರೀಕ್ಷಿಸುತ್ತದೆ. ೧೮೭೩ರ ಪಾಠದಲ್ಲಿ ಬೊರೊಡಿನೊ ಕುರಿತ ವಾದ ಅನುಬಂಧಕ್ಕೆ ಹೋಯಿತು. ಅಲ್ಲಿ ಅದರ ತರ್ಕ ಹಾಗೆಯೇ ಇದೆ. ಆದರೆ ಅದನ್ನು ಪರೀಕ್ಷಿಸಲು ಪಿಯೆರ್ ಇಲ್ಲ.

ಟಾಲ್‌ಸ್ಟಾಯ್‌ನ ಇತಿಹಾಸಸಿದ್ಧಾಂತವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆಂದು ಇದರ ಅರ್ಥವಲ್ಲ. ನೆಪೋಲಿಯನ್ನನ ವಿಷಯದಲ್ಲಿ ಅವನು ನ್ಯಾಯವಾಗಿ ನಡೆದುಕೊಂಡಿಲ್ಲ. ಒಬ್ಬ ಅರಸನ ನಿರ್ಧಾರಕ್ಕೂ ಒಬ್ಬ ಸಿಪಾಯಿಯ ನಿರ್ಧಾರಕ್ಕೂ ಪರಿಣಾಮದಲ್ಲಿ ಇರುವ ಅಂತರವನ್ನು ಅವನು ಬೇಕೆಂದೇ ಕಿರಿದುಮಾಡುತ್ತಾನೆ. ಎರಡನೆಯ ಉಪಸಂಹಾರದಲ್ಲಿ ಕಥೆಯ ಒಂದು ಪಾತ್ರವೂ ಇಲ್ಲದೆ ವಾದವೊಂದೇ ಮುಂದುವರಿಯುವುದರಿಂದ, ಅಲ್ಲಿ ಫ್ಲೊಬೇರ್‌ನ ಆಕ್ಷೇಪಣೆಗೆ ಬಹುಮಟ್ಟಿಗೆ ಆಧಾರವಿದೆ. ಒಬ್ಬ ಎಚ್ಚರದ ಪರಿಷ್ಕರ್ತನು ಅಲ್ಲಿ ಕತ್ತರಿಯಾಡಿಸಿದ್ದರೆ ಯಾರೂ ದುಃಖಿಸುತ್ತಿರಲಿಲ್ಲ. ಆದರೆ ಒಂದು ಅಂಗದಲ್ಲಿ ದೋಷವಿದೆಯೆಂಬುದಕ್ಕೂ ಆ ಅಂಗವೇ ಕೃತಿಗೆ ಹೊರಗಿನದೆಂಬುದಕ್ಕೂ ಬಹಳ ದೂರ. ತನ್ನ ಕೃತಿ ಕಾದಂಬರಿಯಲ್ಲ, ಕಾವ್ಯವಲ್ಲ, ಚಾರಿತ್ರಿಕ ವೃತ್ತಾಂತವಂತೂ ಅಲ್ಲವೆಂದು ಟಾಲ್‌ಸ್ಟಾಯ್ ೧೮೬೮ರ ಲೇಖನದಲ್ಲಿ ಸಾರಿದ್ದನು. ೧೮೭೩ರ ತಿದ್ದುಪಡಿ ಅದನ್ನು ಎಲ್ಲರಿಗೂ ಪರಿಚಿತವಾದ ಒಂದು ಜಾತಿಗೆ, ಎಂದರೆ ಕಾದಂಬರಿಗೆ, ಸೇರಿಸುವ ಪ್ರಯತ್ನವಾಯಿತು.

ಆ ಕಾಲದ ಟಾಲ್‌ಸ್ಟಾಯ್ ಕಲಿತ ಪಾಠ ನಿಷ್ಪ್ರಯೋಜಕವಾಗಲಿಲ್ಲವೆಂಬುದೂ ಗಮನಾರ್ಹ. ‘ಅನ್ನಾ ಕರೆನಿನಾ’ದಲ್ಲಿ ಇತಿಹಾಸವನ್ನು ಕುರಿತ ಅಂಥ ಪ್ರಬಂಧಗಳಿಲ್ಲ, ಚಿಂತನೆಯೆಲ್ಲ ಲೆವಿನ್ ಮೊದಲಾದ ಪಾತ್ರಗಳ ಬಾಳಿನಲ್ಲಿಯೇ ಕರಗಿದೆ. ಹೊಸ ಅಭಿರುಚಿಗೆ ಯೋಗ್ಯವಾದ ಸ್ಥಳ ಹೊಸ ಕೃತಿ. ಅದನ್ನು ಹಿಂದಿನ ಕೃತಿಯ ಮೇಲೆ ಹೇರಿದ್ದರಿಂದ ತೊಂದರೆಯಾಯಿತು.

೬

ಮುಂದೆ ನಡೆದುದನ್ನು ಸಂಗ್ರಹವಾಗಿ ಹೇಳಬಹುದು. ೧೮೮೬ರ ಐದನೆಯ ಮುದ್ರಣವನ್ನು ನೋಡಿಕೊಂಡವಳು ಕರ್ತೃವಿನ ಪತ್ನಿ ಸೋಫಿಯಾ ಆಂದ್ರೇಯೆವ್ನಾ. ಅದರಲ್ಲಿ ಫ್ರೆಂಚ್ ಮಾತುಗಳೂ ವಿಚಾರಭಾಗಗಳೂ ತಮ್ಮ ತಮ್ಮ ಸ್ಥಾನಗಳಿಗೆ ಹಿಂದಿರುಗಿದುವು. ನಾಲ್ಕು ಸಂಪುಟಗಳ ವಿಂಗಡಣೆ ಮಾತ್ರ ಉಳಿಯಿತು. ಈ ಪುನಃಸ್ಥಾಪನೆಯಲ್ಲಿ ಟಾಲ್‌ಸ್ಟಾಯ್‌ನ ಪಾತ್ರವೆಷ್ಟೆಂಬುದು ವಿದ್ವಾಂಸರಲ್ಲಿ ವಿವಾದದ ವಿಷಯ. ಮುಂದಿನ ಸಂಪಾದಕರು ೧೮೭೩ರ ಶೈಲಿಯ ತಿದ್ದುಪಡಿಗಳಲ್ಲಿ ಕೆಲವನ್ನು ಸ್ವೀಕರಿಸಿದ್ದೂ ಉಂಟು. ಎಂದಮೇಲೆ ಇಂದು ನಾವು ಓದುವ ‘ಯುದ್ಧ ಮತ್ತು ಶಾಂತಿ’ ಒಂದು ಮಿಶ್ರಪಾಠ. ಅನುವಾದದಲ್ಲಿ ಈ ಮಿಶ್ರಣ ಇನ್ನೂ ಮುಂದುವರಿಯುತ್ತದೆ. ೧೯೨೨–೨೩ರಲ್ಲಿ ಬಂದ ಮೋಡ್ ದಂಪತಿಗಳ ಇಂಗ್ಲಿಷ್ ಅನುವಾದದಲ್ಲಿ ಫ್ರೆಂಚ್ ಬಹುಮಟ್ಟಿಗೆ ಇಂಗ್ಲಿಷಾಗಿದೆ; ೨೦೦೭ರಲ್ಲಿ ಬಂದ ಪೆವಿಯರ್ ಮತ್ತು ವೊಲೊಖೊನ್‌ಸ್ಕಿಯವರ ಅನುವಾದದಲ್ಲಿ ಫ್ರೆಂಚ್ ಉಳಿದು ಅರ್ಥ ಅಡಿಟಿಪ್ಪಣಿಗೆ ಹೋಗಿದೆ. ಹಳೆಯ ಅನುವಾದವನ್ನು ಓದುವ ವಿದ್ಯಾರ್ಥಿ, ತನಗೆ ತಿಳಿಯದಂತೆಯೇ, ಈ ಒಂದು ವಿಷಯದಲ್ಲಿ ೧೮೭೩ರ ಪಾಠವನ್ನು ಓದುತ್ತಿರುತ್ತಾನೆ.

ಇಷ್ಟರಲ್ಲಿಯೇ ಕಥೆ ಮುಗಿಯಲಿಲ್ಲ. ಜೈದೆನ್ಶ್ನೂರ್ ಹಸ್ತಪ್ರತಿಗಳಿಂದ ಪುನರ್ರಚಿಸಿದ ಮೊದಲ ಸಂಪೂರ್ಣ ಕರಡು ೧೯೮೩ರಲ್ಲಿ ವಿದ್ವತ್ಪ್ರಕಟಣೆಯಾಗಿ ಹೊರಬಂದಿತು. ಕೃತಿಯ ಬೆಳವಣಿಗೆಯನ್ನು ಅಭ್ಯಸಿಸುವವರಿಗೆ ಅದು ಅಮೂಲ್ಯವಾದ ಸಾಮಗ್ರಿ. ಆದರೆ ೨೦೦೦ದಲ್ಲಿ ರಷ್ಯದ ಪ್ರಕಾಶಕರೊಬ್ಬರು ಅದೇ ಸಾಮಗ್ರಿಯನ್ನು ಸಾಮಾನ್ಯ ಓದುಗರಿಗಾಗಿ ಅಚ್ಚುಮಾಡಿ, ಇದು ಅರ್ಧದಷ್ಟೇ ಉದ್ದವಾದದ್ದು, ಇದರಲ್ಲಿ ತತ್ತ್ವಚರ್ಚೆಯಿಲ್ಲ, ಕೊನೆ ಸುಖಕರವಾಗಿದೆ ಎಂಬ ಅರ್ಥ ಬರುವಂತೆ ಪ್ರಚಾರ ಮಾಡಿದರು. ೨೦೦೭ರಲ್ಲಿ ಇಂಗ್ಲಿಷ್ ಅನುವಾದವೂ ಬಂದಿತು. ಕರ್ತೃ ವರ್ಷಗಟ್ಟಲೆ ಶ್ರಮಿಸಿ ಯಾವುದನ್ನು ದಾಟಿಬಂದನೋ ಅದನ್ನೇ ಮೂಲಕೃತಿಯೆಂದು ಮಾರಲಾಯಿತು. ಆಂದ್ರೇಯ್ ಬದುಕಿ ಉಳಿದ ಕಥೆ ಓದಲು ಹಿತವಾಗಿರಬಹುದು. ೧೮೧೨ರ ರಷ್ಯವನ್ನು ಅದು ಅಷ್ಟರಮಟ್ಟಿಗೆ ಮರೆಮಾಡುತ್ತದೆ.

ಈ ಪರಿಶೀಲನೆಯಿಂದ ಎರಡು ತೀರ್ಮಾನಗಳಿಗೆ ಬರಬಹುದು. ಪರಿಷ್ಕಾರದ ಯೋಗ್ಯತೆಯನ್ನು ಅದು ಮೊದಲು ನಡೆಯಿತೇ ಕಡೆಯಲ್ಲಿ ನಡೆಯಿತೇ ಎಂಬುದರಿಂದಾಗಲಿ, ಮಾಡಿದವನು ಕರ್ತೃವೇ ಎಂಬುದರಿಂದಾಗಲಿ ನಿರ್ಣಯಿಸಲಾಗದು. ಕೃತಿ ಎತ್ತಿಕೊಂಡ ಪ್ರಶ್ನೆಯನ್ನು ಆಳಗೊಳಿಸುವ ತಿದ್ದುಪಡಿ ಕೃತಿಯನ್ನು ಮೇಲ್ಪಡಿಸುತ್ತದೆ. ಆ ಪ್ರಶ್ನೆಯಿಂದ ಓದುಗನನ್ನು ಪಾರುಮಾಡುವ ತಿದ್ದುಪಡಿ, ಎಷ್ಟೇ ನಯವಾಗಿದ್ದರೂ, ಕೃತಿಯನ್ನು ಕುಗ್ಗಿಸುತ್ತದೆ. ಆಂದ್ರೇಯ್‌ನ ಮರಣ ಮೊದಲನೆಯದಕ್ಕೆ ನಿದರ್ಶನ. ಬೊರೊಡಿನೊ ವಾದವನ್ನು ಅನುಬಂಧಕ್ಕೆ ಕಳುಹಿಸಿದ್ದು ಎರಡನೆಯದಕ್ಕೆ.

ಎರಡನೆಯ ತೀರ್ಮಾನ ನಮ್ಮ ವೃತ್ತಿಗೆ ಸಂಬಂಧಿಸಿದ್ದು. ದೊಡ್ಡ ಕಾದಂಬರಿಗಳನ್ನು ತರಗತಿಗಾಗಿ ಸಂಗ್ರಹಿಸುವಾಗ ಅಧ್ಯಾಪಕರಾದ ನಾವೂ ಪರಿಷ್ಕರ್ತರೇ ಆಗುತ್ತೇವೆ. ಇತಿಹಾಸದ ವಿದ್ಯಾರ್ಥಿಗೆ ಯುದ್ಧದ ಭಾಗ ಸಾಕು, ಸಾಹಿತ್ಯದ ವಿದ್ಯಾರ್ಥಿಗೆ ಕಥೆ ಸಾಕು ಎಂದು ಹಂಚಿಕೊಡುವುದು ಸುಲಭ. ೧೮೭೩ರ ಪಾಠ ಮಾಡಿದ್ದೂ ಅದನ್ನೇ. ಸಂಗ್ರಹ ಅನಿವಾರ್ಯವಾದಾಗ, ಯಾವ ಪಾಠವನ್ನು ಓದುತ್ತಿದ್ದೇವೆ, ಅದರಿಂದ ಏನನ್ನು ತೆಗೆಯಲಾಗಿದೆ, ತೆಗೆದವರು ಯಾರು ಎಂಬ ಮೂರು ವಿಷಯಗಳನ್ನು ಮೊದಲ ದಿನವೇ ವಿದ್ಯಾರ್ಥಿಗಳಿಗೆ ತಿಳಿಸಿದರೆ, ಗ್ರಂಥವನ್ನು ಸಾಕ್ಷ್ಯವಾಗಿ ಓದುವ ಶಿಕ್ಷಣ ಅಲ್ಲಿಂದಲೇ ಆರಂಭವಾದಂತಾಗುತ್ತದೆ. ತೂಷಿನ್‌ನ ಪ್ರಕರಣವನ್ನೂ ಬೊರೊಡಿನೊ ವಾದವನ್ನೂ ಒಂದೇ ವಾರದಲ್ಲಿ ಎದುರುಬದುರಾಗಿ ಓದಿಸುವುದು ಕಷ್ಟವಲ್ಲ. ಇತಿಹಾಸವೂ ಕಥೆಯೂ ಒಂದೇ ಗ್ರಂಥದಲ್ಲಿ ಏಕೆ ಇರಬೇಕಾಯಿತೆಂಬುದನ್ನು ಆಗ ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಲ್ಲರು.